ಆಕಾಶ ನೀಲಿ

ಜರ್ಮನ್ ತತ್ವಜ್ಞಾನಿ ಹೈಡೆಗರನ ‘ಬೀಯಿಂಗ್ ಆ್ಯಂಡ್ ಟೈಮ್’ ಮೊದಲ ಸಲ ಕೈಗೆತ್ತಿಕೊಂಡಾಗ ಹತ್ತು ಪುಟ ದಾಟುವಷ್ಟರಲ್ಲಿ ಸುಸ್ತಾದೆ. ಅರ್ಥವಾಗಲೆಂದು ಪಕ್ಕದಲ್ಲಿಟ್ಟುಕೊಂಡ ಗೈಡು ಮೂಲಕ್ಕಿಂತ ಕಗ್ಗಂಟಾಗಿತ್ತು. 1927ರಲ್ಲಿ ಜರ್ಮನಿಯಲ್ಲಿ ಅಚ್ಚಾದ ಈ ಪುಸ್ತಕ ಅರ್ಧದ್ದು. ಮುಂದಿನ ಭಾಗ ಬರಲೇ ಇಲ್ಲ. ಬಂದ ಅರ್ಧವೇ ಸಾಕಪ್ಪಾ ಅನ್ನಿಸಿತ್ತು. ಬರೆದವನು 1933ರಲ್ಲಿ ನಾಜಿ ಪಕ್ಷ ಸೇರಿದವನೆಂಬುದು ಪುಸ್ತಕ ಮುಚ್ಚಿಡಲು ಒಳ್ಳೆಯ ನೆಪವಾಯಿತು. (ನೆಪವಷ್ಟೇ ಅಲ್ಲ, ಆ ಸಂಗತಿ ಈಗಲೂ ಚುಚ್ಚುತ್ತದೆ.)

ಮತ್ತೆ ಅದನ್ನು ತೆರೆಸಿದ್ದು ಒಬ್ಬ ಬಡಗಿ. ಕಿಟಕಿಯ ಚೌಕಟ್ಟು ರಿಪೇರಿಗೆ ಬಂದಿದ್ದರು. ತುಟಿಯಂಚಿನಲ್ಲಿ ಎರಡು ಮೊಳೆ ಕಚ್ಚಿಕೊಂಡೇ ಮಗಳ ಪಿಯುಸಿ ಫೀಸಿನ ಬಗ್ಗೆ ಮಾತಾಡುತ್ತಿದ್ದರು. ಕೈ ತನ್ನಷ್ಟಕ್ಕೆ ಹೊಡೆಯುತ್ತಿತ್ತು. ಇದ್ದಕ್ಕಿದ್ದಂತೆ ಸುತ್ತಿಗೆಯ ತಲೆ ಸಡಿಲಾಯಿತು. ಮಾತು ನಿಂತಿತು. ಸುತ್ತಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಮರದ ಚೂರೊಂದನ್ನು ಬೆಣೆಯಾಗಿ ಹೊಡೆದರು, ಕಾವಿನ ಬುಡವನ್ನು ಕಲ್ಲಿಗೆ ಕುಟ್ಟಿದರು. ಫೀಸಿನ ಮಾತು ಮುಂದುವರಿಯಿತು.

ಹೈಡೆಗರನೂ 15 ಮತ್ತು 16ನೇ ಪ್ರಕರಣಗಳಲ್ಲಿ ಹೇಳುವುದು ಇದನ್ನೇ. ಕೆಲಸ ಸಾಗುತ್ತಿರುವಾಗ ಸುತ್ತಿಗೆ ಕಣ್ಣಿಗೆ ಬೀಳುವುದಿಲ್ಲ; ಉಪಕರಣ ಕೆಟ್ಟಾಗಲೇ ಅದು ವಸ್ತುವಾಗಿ ಎದುರು ನಿಲ್ಲುತ್ತದೆ. ನಾನು ಅಲ್ಲಿಂದಲೇ ಓದತೊಡಗಿದೆ. ಮೇಷ್ಟರುಗಳು ಒಪ್ಪಲಿಕ್ಕಿಲ್ಲ, ಆದರೆ ಹೊಸಬರಿಗೆ ಮೊದಲ ಪುಟಕ್ಕಿಂತ ಈ ಬಾಗಿಲು ವಾಸಿ. ಅವನ ಭಾಷೆ ಯಾಕಷ್ಟು ಒರಟು ಎಂಬುದೂ ಇಲ್ಲಿ ಸ್ವಲ್ಪ ಹೊಳೆಯುತ್ತದೆ. ಬಳಸಿ ಬಳಸಿ ಕಾಣದಂತಾದ ಪದಗಳ ತಲೆಯನ್ನು ಅವನು ಬೇಕೆಂದೇ ಸಡಿಲಿಸುತ್ತಾನೆ. ‘ಡಾಸೈನ್’ ಅಂದರೆ ಇರವು. ಜರ್ಮನ್ನರ ಮಾಮೂಲಿ ಮಾತು. ಅದನ್ನು ‘ಅಲ್ಲಿ’, ‘ಇರು’ ಎಂದು ಬಿಡಿಸಿ ಮನುಷ್ಯನ ಇರವಿಗೇ ಹೆಸರಾಗಿಟ್ಟ. 1962ರ ಇಂಗ್ಲಿಷ್ ಅನುವಾದಕರು ಅದರ ಗೋಜಿಗೆ ಹೋಗದೆ ಪದವನ್ನು ಹಾಗೇ ಉಳಿಸಿಕೊಂಡರು.

ಆಮೇಲೆ ಮೊದಲ ಪುಟಗಳಿಗೆ ಮರಳಿದೆ. ಇರುವುದು ಅಂದರೇನೆಂದು ಎಲ್ಲರಿಗೂ ಗೊತ್ತಿದೆಯೆಂದು ನಾವು ನಂಬಿರುವುದಕ್ಕೆ ಅವನು ಕೊಡುವ ಉದಾಹರಣೆಗಳಲ್ಲೊಂದು, ಆಕಾಶ ನೀಲಿಯಾಗಿದೆ ಎಂಬ ವಾಕ್ಯ. ಜರ್ಮನ್ನಿನಲ್ಲಿ ಅಲ್ಲೊಂದು ‘ಇಸ್ಟ್’ ಬೇಕೇ ಬೇಕು. ಕನ್ನಡದಲ್ಲಿ ‘ಆಕಾಶ ನೀಲಿ’ ಅಂದರೆ ಮುಗಿಯಿತು. ಅವನು ಪ್ರಶ್ನೆಯನ್ನು ನೇತುಹಾಕಿದ ಮೊಳೆಯೇ ನಮ್ಮ ವಾಕ್ಯದಲ್ಲಿಲ್ಲ! ಹಾಗಾದರೆ ಈ ಪ್ರಶ್ನೆ ನಮ್ಮ ಭಾಷೆಯಲ್ಲಿ ಹುಟ್ಟುವುದೇ ಇಲ್ಲವೋ, ಬೇರೆಲ್ಲೋ ಹುಟ್ಟುತ್ತದೋ? ನನ್ನ ಗೈಡು ಈ ಬಗ್ಗೆ ತುಟಿ ಬಿಚ್ಚಲಿಲ್ಲ.

ಪುಟದ ಅಂಚಿನಲ್ಲಿ ಇದನ್ನೇ ಪೆನ್ಸಿಲಿನಿಂದ ಗೀಚುತ್ತಿದ್ದಾಗ ಹಿತ್ತಲಿನಿಂದ ಅಮ್ಮ ಕೂಗಿದಳು: ‘ಡಬ್ಬೀಲಿ ಸಕ್ಕರೆ ಇದೆಯಾ ನೋಡೋ.’ ಎದ್ದು ಹೋಗಿ ಮುಚ್ಚಳ ತೆಗೆದೆ. ತಳದಲ್ಲಿ ಎರಡು ಚಮಚೆಯಷ್ಟಿತ್ತು. ‘ಇದೆ’ ಅಂದೆ. ಅಂದವನು ಡಬ್ಬಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದೆ.