ಸಬ್ಸಿಡಿ ಉಳೋರಿಗಾ, ಪಹಣಿ ಇರೋರಿಗಾ? ಜಾರ್ಜಿಯಾದ ಶೇಂಗಾ, ನಮ್ಮೂರಿನ ಪಿಎಂ-ಕಿಸಾನ್

ಊರಲ್ಲಿ ಅಪ್ಪನ ಖಾತೆಗೆ 2,000 ರೂಪಾಯಿ ಬಿತ್ತು ಅಂದ್ರೆ ದಮಾಮ್‌ನಲ್ಲಿ ದುಡಿಯೋ ಮಗನಿಗೂ ಒಂದು ಸಮಾಧಾನ. ಆದ್ರೆ ಪಹಣಿ ಆ ಮಗನ ಹೆಸರಲ್ಲೇ ಇದ್ದು, ದುಡ್ಡು ಅವನ ಖಾತೆಗೇ ಬೀಳ್ತಿದ್ರೆ? ಅಲ್ಲಿಂದ ಲೆಕ್ಕ ಬೇರೆ.

ಈ ತಕರಾರು ನಮ್ಮದು ಮಾತ್ರ ಅಲ್ಲ. ಅಮೆರಿಕದಲ್ಲಿ ಬೆಳೆಯುವ ಶೇಂಗಾದಲ್ಲಿ ಸುಮಾರು ಅರ್ಧ ಜಾರ್ಜಿಯಾ ರಾಜ್ಯದ್ದೇ. ಎರಡೂ ಕೆರೊಲಿನಾಗಳಲ್ಲೂ ಬೆಳೀತಾರೆ. ಕಾನೂನು ಆಗೋದು ವಾಷಿಂಗ್ಟನ್‌ನಲ್ಲಿ. ರೈತ ಅರ್ಜಿ ಕೊಡೋದು ಮಾತ್ರ ತನ್ನ ಕೌಂಟಿಯ ಫಾರ್ಮ್ ಸರ್ವಿಸ್ ಏಜೆನ್ಸಿ ಕಚೇರಿಗೆ, ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ ಹಾಗೆ. 2025ರ ಜುಲೈನಲ್ಲಿ ಬಂದ ಕಾನೂನು ಶೇಂಗಾದ ಆಧಾರ ಬೆಲೆಯನ್ನು ಟನ್‌ಗೆ 535 ಡಾಲರ್‌ನಿಂದ 630ಕ್ಕೆ ಏರಿಸಿತು. ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಹೋದ್ರೆ ವ್ಯತ್ಯಾಸ ಸರ್ಕಾರ ಕೊಡುತ್ತೆ.

ಉದಾಹರಣೆಗೆ ವ್ಯತ್ಯಾಸ 100 ಡಾಲರ್, ದಾಖಲೆಯಲ್ಲಿರುವ ಇಳುವರಿ ಎಕರೆಗೆ 2 ಟನ್, ಜಮೀನು 100 ಎಕರೆ ಅಂತಿಟ್ಟುಕೊಳ್ಳಿ. ಲೆಕ್ಕಕ್ಕೆ ಹಿಡಿಯೋದು 85 ಎಕರೆ. ಸಿಗೋದು 17,000 ಡಾಲರ್. ಆ ಎಕರೆಗಳನ್ನು ಗುರುತಿಸೋದು ಹಳೆ ದಾಖಲೆಯಿಂದ, ಈ ವರ್ಷದ ಬಿತ್ತನೆಯಿಂದ ಅಲ್ಲ. ಹೆಚ್ಚು ಎಕರೆ ಇದ್ದವನಿಗೆ ಹೆಚ್ಚು ದುಡ್ಡು.

ಒಬ್ಬರಿಗೆ ವರ್ಷಕ್ಕೆ ಮಿತಿ 1,25,000 ಡಾಲರ್ ಇದ್ದದ್ದು ಅದೇ ಕಾನೂನಿನಲ್ಲಿ 1,55,000 ಆಯ್ತು. ಪಡೆಯುವವರು ಬೇಸಾಯದಲ್ಲಿ ತೊಡಗಿರಬೇಕು ಅಂತ ನಿಯಮ ಇದೆ. ಆದ್ರೆ ಮೈಕೈ ದುಡಿಮೆಯೇ ಬೇಕಿಲ್ಲ, 'ನಿರ್ವಹಣೆ' ಮಾಡಿದ್ರೂ ನಡೆಯುತ್ತೆ. ಹಾಗಾಗಿ ಹೊಲದಿಂದ ದೂರದ ಪಟ್ಟಣದಲ್ಲಿ ಕೂತವರಿಗೂ ದಾರಿ ಉಂಟು. 2018ರ ಕಾನೂನು ಸೋದರಳಿಯಂದಿರನ್ನೂ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳನ್ನೂ ಕುಟುಂಬದ ಲೆಕ್ಕಕ್ಕೆ ಸೇರಿಸಿತು.

ನಮ್ಮಲ್ಲಿ ನಿಯಮ ಉಲ್ಟಾ ಬಿಗಿ. 2019ರ ಫೆಬ್ರವರಿಯಲ್ಲಿ ಶುರುವಾದ ಪಿಎಂ-ಕಿಸಾನ್ ಕೊಡೋದು ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಯಡಿಯೂರಪ್ಪ ಸರ್ಕಾರ ಸೇರಿಸಿದ್ದ 4,000 ರೂಪಾಯಿ 2023ರಲ್ಲಿ ನಿಂತಿತು. ಆದಾಯ ತೆರಿಗೆ ಕಾಯ್ದೆ ಪ್ರಕಾರ ಅನಿವಾಸಿ ಆದವರಿಗೆ ಇದು ಸಿಗಲ್ಲ. ಸಾಮಾನ್ಯವಾಗಿ ಒಂದು ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ಅನಿವಾಸಿ. ಗಲ್ಫ್‌ನಲ್ಲಿ ಕೆಲಸದಲ್ಲಿರೋ ಹೆಚ್ಚಿನವರು ಇದೇ ಲೆಕ್ಕಕ್ಕೆ ಬರ್ತಾರೆ.

ಇನ್ನೊಂದು ಕಡೆ, ಗೇಣಿಗೆ ಉಳೋನ ಹೆಸರಲ್ಲಿ ಪಹಣಿ ಇಲ್ಲದಿದ್ರೆ ಅವನಿಗೂ ಇಲ್ಲ. 'ಉಳುವವನೇ ಹೊಲದೊಡೆಯ' ಅಂದ ರಾಜ್ಯದಲ್ಲೂ ಸಹಾಯಧನ ನೋಡೋದು ಕಾಗದವನ್ನೇ. ಅಲ್ಲಿ ದೊಡ್ಡವರಿಗೆ ಸಂದು ಸಿಗುತ್ತೆ. ಇಲ್ಲಿ ಮಾಲೀಕ ಮರುಭೂಮಿಯಲ್ಲಿ, ಉಳೋನು ಪಟ್ಟಿಯ ಹೊರಗೆ, ಹೊಲಕ್ಕೆ ಏನೂ ಇಲ್ಲ.

ಹಾಗಾದ್ರೆ ಮನೆಯವರು ಏನು ನೋಡಬೇಕು? ಜಮೀನು ತಂದೆ-ತಾಯಿ ಹೆಸರಲ್ಲಿದ್ದು ಅವರು ಊರಲ್ಲೇ ಇದ್ದರೆ, ಮಗ ಗಲ್ಫ್‌ನಲ್ಲಿರೋದು ಅಡ್ಡಿಯಲ್ಲ. ಯೋಜನೆಯಲ್ಲಿ ಕುಟುಂಬ ಅಂದ್ರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಹೆಂಡತಿ ಹೆಸರಲ್ಲಿ ಪಹಣಿ ಇದ್ದು ಗಂಡ ಅನಿವಾಸಿಯಾಗಿದ್ದರೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯೋದು ಒಳ್ಳೇದು. ಅನರ್ಹರಿಗೆ ಹೋದ ಹಣವನ್ನು ಸರ್ಕಾರ ವಾಪಸ್ ಕೇಳುತ್ತೆ. ಆನ್‌ಲೈನ್‌ನಲ್ಲೇ ಮರಳಿಸೋಕೆ, ಯೋಜನೆ ಬಿಟ್ಟುಕೊಡೋಕೆ ಅವಕಾಶ ಇದೆ.

ವರ್ಷಕ್ಕೆ 6,000 ಸಣ್ಣ ಮೊತ್ತ ಅನ್ನಿಸಬಹುದು. ಐದು ವರ್ಷದ್ದು ಒಟ್ಟಿಗೆ ಕಟ್ಟಿ ಅಂದ್ರೆ 30,000. ಮುಂದಿನ ರಜೆಗೆ ಊರಿಗೆ ಹೋದಾಗ ಪಹಣಿ ಒಮ್ಮೆ ತೆಗೆದು ನೋಡಿ.