ಅಂಗನವಾಡಿಗೆ ಮೊದಲು ಬೇಕಾದದ್ದು ಟಿ.ವಿ.ಯಲ್ಲ

ನಮ್ಮ ಸದಸ್ಯರ ಮಕ್ಕಳಲ್ಲಿ ಅನೇಕರು ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಉದ್ಯೋಗದಲ್ಲಿದ್ದಾರೆ. ಹುಟ್ಟಿದೂರಿಗೆ ಏನಾದರೂ ಮಾಡಬೇಕೆಂಬ ಹಂಬಲ ಅವರಿಗಿದೆ. 2013ರ ಕಂಪೆನಿ ಕಾಯ್ದೆಯಂತೆ ದೊಡ್ಡ ಕಂಪೆನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ತೆಗೆದಿಡಬೇಕಾದ್ದರಿಂದ ಹಣಕ್ಕೂ ದಾರಿಯುಂಟು. ಊರಿನ ಅಂಗನವಾಡಿಗೆ ದೊಡ್ಡದೊಂದು ಟಿ.ವಿ. ಕೊಡಿಸೋಣವೆಂಬ ಸಲಹೆ ನಮ್ಮ ಸಂಘದ ಮುಂದೆ ಬಂದಿದೆ. ಸಲಹೆಯ ಹಿಂದಿನ ಮನಸ್ಸು ದೊಡ್ಡದು. ಆದರೆ ಒಪ್ಪುವ ಮುನ್ನ ಸದಸ್ಯರು ಸ್ವಲ್ಪ ಯೋಚಿಸಬೇಕೆಂದು ನನ್ನ ಅರಿಕೆ.

ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಟಿ. ನರಸೀಪುರದಲ್ಲಿ. ಅದು ಎಲ್ಲ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರಬೇಕಾದ ಜಾಗ. ಆ ಚಾಪೆಯ ಮೂಲೆಯಲ್ಲಿ, ಕರೆದರೂ ತಿರುಗದ, ಮಾತು ಬಾರದ ಮಗುವೊಂದಿದ್ದರೆ ನಾವು 'ಹಟಮಾರಿ', 'ದಡ್ಡ' ಎಂದುಬಿಡುತ್ತೇವೆ. ಎಷ್ಟೋ ಬಾರಿ ಅದಕ್ಕಿರುವುದು ಕಿವಿಯ ದೋಷ ಮಾತ್ರ. ಆ ಮಗುವಿಗೆ ಟಿ.ವಿ.ಯ ಹಾಡು ಬರೀ ತುಟಿಯಾಟ. ಕಣ್ಣು ಕಾಣದ ಮಗುವಿಗೆ ಅದೂ ಇಲ್ಲ.

ಇಂಥ ಮಕ್ಕಳಿಗೆ ನೆರವಾಗುವ ಯಂತ್ರಗಳು ಅದೇ ಬೆಂಗಳೂರಿನಲ್ಲಿ ತಯಾರಾಗಿವೆ. ಶಬ್ದಕ್ಕೆ ಶಿಶುವಿನ ಮೆದುಳು ಸ್ಪಂದಿಸುತ್ತದೆಯೇ ಎಂದು ತಿಳಿಸುವ 'ಸೋಹಂ' ಉಪಕರಣ 2017ರಲ್ಲಿ ಬಂದಿತು. ಅದು ಬ್ಯಾಟರಿಯಿಂದಲೂ ನಡೆಯುತ್ತದೆ. ಥಿಂಕರ್‌ಬೆಲ್ ಲ್ಯಾಬ್ಸ್‌ನವರ 'ಆ್ಯನಿ', ಬೆರಳಿಗೆ ಬ್ರೈಲ್ ಚುಕ್ಕೆ ತಾಗಿಸುತ್ತ ಬಾಯಲ್ಲಿ ಅಕ್ಷರ ಹೇಳಿಕೊಡುತ್ತದೆ.

ಇಲ್ಲಿ ಹೊತ್ತು ಮುಖ್ಯ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನವೇ ಹೊಡೆಯಬೇಕು. ಕಾಯಿ ಉದುರತೊಡಗಿದ ಮೇಲೆ ಹೊಡೆದು ಫಲವೇನು? ಮಾತು ಕಲಿಯುವ ಮೊದಲ ವರ್ಷಗಳೂ ಹಾಗೆಯೇ. ಅವು ಕಳೆದ ಮೇಲೆ ಎಷ್ಟು ಬೆಲೆಯ ಯಂತ್ರ ತಂದರೂ ಪೂರ್ಣ ಪ್ರಯೋಜನವಾಗದು.

ಸರ್ಕಾರದ ಏರ್ಪಾಡು ಇಲ್ಲದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ವಿಶೇಷ ಚೇತನ ಮಕ್ಕಳನ್ನು ಗುರುತಿಸಿ, ಉಳಿದವರೊಡನೆ ಕೂರಿಸಿ ಕಲಿಸುವ ಕ್ರಮವನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಪ್ರಕಟಿಸಿದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಆದರೆ ತಂಡ ಬಂದ ದಿನ ಲೈನು ಮನೆಯ ತಾಯಿ ಮಗುವನ್ನು ಕಟ್ಟಿಕೊಂಡು ಕೊಯ್ಲಿಗೆ ಹೋಗಿದ್ದರೆ ಇದೆಲ್ಲ ಕಾಗದದಲ್ಲೇ ಉಳಿಯುತ್ತದೆ.

ಕಿವಿಯ ಮೆಷಿನ್ ಸಿಕ್ಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬ್ಯಾಟರಿ ಬದಲಿಸಬೇಕು, ಮಗು ಬೆಳೆದಂತೆ ಕಿವಿಯ ಅಚ್ಚನ್ನು ಹೊಸದಾಗಿ ಮಾಡಿಸಬೇಕು. ನಮ್ಮ ಮಳೆಗಾಲದ ತೇವಕ್ಕೆ ಮೆಷಿನ್ ಕೆಡದಂತೆ ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಬೇಕು. ಇದನ್ನು ತಾಯಿಗೂ ಅಂಗನವಾಡಿ ಕಾರ್ಯಕರ್ತೆಗೂ ಕಲಿಸುವವರಿಲ್ಲದಿದ್ದರೆ ಮೆಷಿನ್ ಪೆಟ್ಟಿಗೆ ಸೇರುತ್ತದೆ, ಮಗು ಮೂಲೆ ಸೇರುತ್ತದೆ.

ಕಾಫಿ, ಅಡಿಕೆಯ ಸಂಘಕ್ಕೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ, 50 ಹೆಣ್ಣಾಳುಗಳಿದ್ದ ತೋಟಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತ್ತು. ನಮ್ಮಂಥ ಸಣ್ಣ ಬೆಳೆಗಾರರು ಆ ಲೆಕ್ಕಕ್ಕೆ ಬಂದವರಲ್ಲ. ನಮ್ಮ ಆಳುಗಳ ಮಕ್ಕಳಿಗೆ ಅಂಗನವಾಡಿಯೊಂದೇ ಗತಿ. ಹೀಗಿರುವಾಗ ಅದು ನಮ್ಮ ಕೆಲಸವಲ್ಲವೆನ್ನುವುದು ನ್ಯಾಯವಲ್ಲ.

ಆದುದರಿಂದ ಮುಂದಿನ ಮಹಾಸಭೆಯಲ್ಲಿ ಈ ಮೂರು ವಿಷಯ ತೀರ್ಮಾನವಾಗಲಿ. ತಪಾಸಣೆಯ ದಿನ ತಾಯಂದಿರಿಗೆ ಕೂಲಿ ಕಡಿಯದೆ ಅರ್ಧ ದಿನ ಬಿಡುವು ಕೊಡುವುದು. ಹೆಚ್ಚಿನ ಪರೀಕ್ಷೆಗೆ ಹೋಗುವವರ ಬಸ್ ಖರ್ಚನ್ನು ಸಂಘವೇ ಭರಿಸುವುದು. ಬೆಂಗಳೂರಿನ ನಮ್ಮ ಮಕ್ಕಳ ಮೂಲಕ ಬರುವ ಹಣದಲ್ಲಿ ಮೊದಲು ತಪಾಸಣೆ, ಬ್ಯಾಟರಿ, ಅಚ್ಚು ಮತ್ತು ಕಾರ್ಯಕರ್ತೆಯ ತರಬೇತಿಯನ್ನು ನೋಡಿಕೊಳ್ಳುವುದು. ಹಣ ಉಳಿದರೆ ಟಿ.ವಿ. ಬರಲಿ, ಯಾರ ಅಡ್ಡಿಯೂ ಇಲ್ಲ.

— ಕಾರ್ಯದರ್ಶಿ