ಅತಿ ಸಣ್ಣ ತಳಿಯ ನಾಯಿಗಳ ಸಂತಾನೋತ್ಪತ್ತಿ, ಮಾರಾಟ ಮತ್ತು ಆಹಾರ ಸುರಕ್ಷತೆ ಕುರಿತ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ಪ್ರಾಣಿ ದಯಾ ಸಂಘ, ಬೆಳಗಾವಿ.

ಮೂಲಕ: ಉಪನಿರ್ದೇಶಕರು, ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವೆಗಳ ಇಲಾಖೆ, ಬೆಳಗಾವಿ.

ವಿಷಯ: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಅತಿ ಸಣ್ಣ ನಾಯಿಗಳ ಮರಿ ಮಾಡಿಸುವಿಕೆ ಹಾಗೂ ಮಾರಾಟವನ್ನು 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳಡಿ ತರುವುದು, ಮತ್ತು ಅವುಗಳ ಚಿಕಿತ್ಸೆಗೆ ತಾಲೂಕು ಪಶು ಆಸ್ಪತ್ರೆಗಳನ್ನು ಸಜ್ಜುಗೊಳಿಸುವುದು.

ಮಾನ್ಯರೇ,

ಬೆಳೆದು ನಿಂತ ಮೇಲೂ ಮೂರು ನಾಲ್ಕು ಕಿಲೋ ತೂಗುವ ಪಮೇರಿಯನ್, ಚಿಹುವಾಹುವಾ, ಮಾಲ್ಟೀಸ್ ನಾಯಿಗಳನ್ನೂ, ಅವುಗಳಿಗಿಂತ ತುಸು ದಪ್ಪನಾದ ಶಿಹ್ ತ್ಸು, ಪಗ್, ಲಾಸಾ ಅಪ್ಸೋಗಳನ್ನೂ ಸಾಕಿರುವ ಮೇಲ್ಕಂಡ ಮೂರು ತಾಲೂಕುಗಳ ಕುಟುಂಬಗಳು ಈ ಮನವಿಯನ್ನು ಸಲ್ಲಿಸುತ್ತಿವೆ. ಈ ನಾಯಿಗಳು ಅನುಭವಿಸುವ ಸಂಕಟಗಳಲ್ಲಿ ಅನೇಕವು ಸಾಕುವವರ ಮನೆಯಲ್ಲಿ ಹುಟ್ಟಿದವಲ್ಲ. ಯಾವ ತಾಯಿಗೆ ಯಾವ ಗಂಡನ್ನು ಕೂಡಿಸಲಾಯಿತು, ಮರಿಯನ್ನು ಎಷ್ಟನೆಯ ವಾರದಲ್ಲಿ ತಾಯಿಯಿಂದ ಅಗಲಿಸಲಾಯಿತು, ಕೊಳ್ಳುವವರಿಗೆ ಏನನ್ನು ಹೇಳಲಾಯಿತು ಅಥವಾ ಹೇಳದೆ ಬಿಡಲಾಯಿತು ಎಂಬುದರಲ್ಲಿಯೇ ಅವು ನಿಶ್ಚಯವಾಗಿರುತ್ತವೆ. ಆದ್ದರಿಂದ ಮರಿ ಸತ್ತ ಮೇಲೆ ಸಾಕಿದವರನ್ನು ದೂರುವ ಬದಲು, ಮರಿ ಕೈ ಬದಲಾಗುವ ಮುನ್ನವೇ ಕಾನೂನಿನ ಕಣ್ಣು ಅದರ ಮೇಲೆ ಬೀಳಬೇಕೆಂಬುದು ಮನವಿದಾರರ ಮುಖ್ಯ ಬೇಡಿಕೆಯಾಗಿದೆ.

ಈ ಸೀಮೆಗೆ ನಾಯಿ ಸಾಕುವುದು ಹೊಸತಲ್ಲ. ಘಟಪ್ರಭೆಯ ಕೆಳದಂಡೆಯಲ್ಲಿರುವ ಮುಧೋಳ ತನ್ನ ಹೆಸರಿನ ಬೇಟೆ ನಾಯಿಗೆ ದೇಶದಾದ್ಯಂತ ಪ್ರಸಿದ್ಧವಾಗಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಆ ತಳಿಯ ಅಂಚೆಚೀಟಿಯನ್ನು ಹೊರತಂದಿತು, ಮತ್ತು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೆ ಇಪ್ಪತ್ತು ಕಿಲೋ ದಾಟುವ, ಬಿಸಿಲಿಗೂ ಓಟಕ್ಕೂ ಒಗ್ಗಿದ, ರೊಟ್ಟಿ ನುಚ್ಚು ತಿಂದು ಬೆಳೆದ ಆ ನಾಯಿಯನ್ನು ಸಾಕಿದ ಅನುಭವವು ಎರಡು ಕಿಲೋ ತೂಗುವ ಪ್ರಾಣಿಯ ವಿಷಯದಲ್ಲಿ ಸಾಲದು, ಕೆಲವೊಮ್ಮೆ ಅಪಾಯಕ್ಕೂ ದಾರಿಯಾಗುತ್ತದೆ. ಎರಡು ಕಿಲೋ ನಾಯಿಗೆ, ಸುಮ್ಮನೆ ಮಲಗಿದ್ದಾಗಲೂ, ದೇಹದ ಪ್ರತಿ ಕಿಲೋ ತೂಕಕ್ಕೆ ಬೇಕಾಗುವ ಆಹಾರಶಕ್ತಿಯು ಮೂವತ್ತು ಕಿಲೋ ನಾಯಿಗೆ ಬೇಕಾಗುವುದಕ್ಕಿಂತ ಸುಮಾರು ಎರಡು ಪಟ್ಟು. ಹೊಟ್ಟೆ ಮಾತ್ರ ಅಂಗೈಯಷ್ಟು.

ಮರಿಗಳಲ್ಲಿ ಈ ಕೊರತೆಯೇ ಪ್ರಾಣಕ್ಕೆ ಎರವಾಗುತ್ತದೆ. ಊಟಗಳ ನಡುವಿನ ಹೊತ್ತಿಗಾಗಿ ದೇಹವು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ಸಣ್ಣ ತಳಿಯ ಮರಿಗಳ ಯಕೃತ್ತೂ ಸ್ನಾಯುಗಳೂ ಕಿರಿದಾಗಿದ್ದು, ಮಿದುಳು ದೇಹದ ಗಾತ್ರಕ್ಕೆ ಹೋಲಿಸಿದರೆ ದೊಡ್ಡದಾಗಿರುವುದರಿಂದ, ಕೆಲವು ಗಂಟೆ ಉಪವಾಸವಿದ್ದರೆ ಅಥವಾ ಚಳಿ, ಪ್ರಯಾಣ, ಭೇದಿ, ಹೊಸ ಮನೆಯ ದಿಗಿಲು ಒದಗಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಇದನ್ನು ವೈದ್ಯರು ಹೈಪೋಗ್ಲೈಸೀಮಿಯಾ ಎನ್ನುತ್ತಾರೆ. ಮರಿ ಮೊದಲು ಮಂಕಾಗಿ, ಬಳಿಕ ತೂರಾಡಿ, ಕೊನೆಗೆ ಸೆಳೆತ ಬಂದು ಪ್ರಜ್ಞೆ ತಪ್ಪುತ್ತದೆ. ಮೂರು ನಾಲ್ಕು ತಿಂಗಳಾಗುವವರೆಗೆ ಹಗಲಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಉಣಿಸುವುದು, ಮಂಕು ಕಂಡ ಕೂಡಲೇ ಗ್ಲೂಕೋಸ್ ನೀರನ್ನೋ ಜೇನುತುಪ್ಪವನ್ನೋ ಬೆರಳ ತುದಿಯಿಂದ ಒಸಡಿಗೆ ಸವರಿ ಆಸ್ಪತ್ರೆಗೆ ಒಯ್ಯುವುದು, ಪ್ರಜ್ಞೆ ತಪ್ಪಿದ ಮರಿಯ ಬಾಯಿಗೆ ಏನನ್ನೂ ಸುರಿಯದಿರುವುದು: ಇಷ್ಟು ತಿಳಿದಿದ್ದರೆ ಅನೇಕ ಮರಿಗಳು ಉಳಿಯುತ್ತವೆ. ಮಾರುವವರು ಇದನ್ನು ಹೇಳುವುದಿಲ್ಲ. ದಿನಕ್ಕೆ ಎರಡು ಹೊತ್ತು ಹಾಲು ಅನ್ನ ಹಾಕಿದರೆ ಸಾಕೆಂದು ಹೇಳಿ ಕಳಿಸುವುದೇ ಹೆಚ್ಚು.

ಮರಿ ಚಿಕ್ಕದಾದಷ್ಟೂ ಬೆಲೆ ಹೆಚ್ಚುವ ವಿಚಿತ್ರ ವ್ಯಾಪಾರವು ಈ ಅಪಾಯವನ್ನು ಇಮ್ಮಡಿಗೊಳಿಸಿದೆ. ‘ಟೀಕಪ್’, ‘ಟಾಯ್ ಪಾಮ್’, ‘ಕಲ್ಚರ್ ಪಾಮ್’ ಎಂದು ಮಾರುಕಟ್ಟೆ ಕರೆಯುವ ಮರಿಗಳಲ್ಲಿ ‘ಟೀಕಪ್’ ಎಂಬುದು ಯಾವ ಮಾನ್ಯ ಶ್ವಾನ ಸಂಸ್ಥೆಯ ಪಟ್ಟಿಯಲ್ಲೂ ಇರುವ ತಳಿಯಲ್ಲ. ಆ ಹೆಸರಿನಲ್ಲಿ ಬರುವುದು ಒಂದೋ ಹೆರಿಗೆಯಲ್ಲೇ ಕೃಶವಾಗಿ ಹುಟ್ಟಿದ ಮರಿ, ಇಲ್ಲವೇ ಅರೆಹೊಟ್ಟೆಯಲ್ಲಿ ಬೆಳೆದ ಮರಿ, ಇಲ್ಲವೇ ಐದಾರು ವಾರವೂ ತುಂಬದಿದ್ದನ್ನು ಎರಡು ತಿಂಗಳಿನದೆಂದು ಹೇಳಿ ಕೊಟ್ಟದ್ದು. ಮೂರನೆಯ ಬಗೆಯ ಮೋಸವನ್ನು ಪಶುವೈದ್ಯರು ಹಲ್ಲು ನೋಡಿಯೇ ಬಹುಮಟ್ಟಿಗೆ ಪತ್ತೆ ಹಚ್ಚಬಲ್ಲರು. ಆದರೆ ಹಲ್ಲು ನೋಡುವವರ ಮುಂದೆ ಮರಿ ಬರುವುದು ಕಾಯಿಲೆ ಬಿದ್ದ ಮೇಲೆಯೇ. ಗಾತ್ರವನ್ನು ಕುಗ್ಗಿಸಲೆಂದು ಅತಿ ಸಣ್ಣದನ್ನು ಅತಿ ಸಣ್ಣದರೊಂದಿಗೆ, ಹಲವು ಸಲ ಹತ್ತಿರದ ರಕ್ತಸಂಬಂಧದಲ್ಲಿಯೇ, ‘ಕ್ರಾಸ್’ ಮಾಡಿಸುವುದರಿಂದ ಮಂಡಿಚಿಪ್ಪು ತನ್ನ ತೋಡಿನಿಂದ ಪಕ್ಕಕ್ಕೆ ಜಾರುವುದು, ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ಸೋತು ನಾಳ ಚಪ್ಪಟೆಯಾಗುವುದು, ನೆತ್ತಿಯ ಎಲುಬು ಕೂಡದೆ ಉಳಿಯುವುದು, ಮಿದುಳಿನಲ್ಲಿ ನೀರು ತುಂಬುವುದು, ಕರುಳಿನಿಂದ ಬಂದ ರಕ್ತವು ಯಕೃತ್ತನ್ನು ಹೊಗದೆ ಅಡ್ಡದಾರಿಯಲ್ಲಿ ಹರಿಯುವುದು ಮುಂತಾದ ದೋಷಗಳು ಪೀಳಿಗೆಯಿಂದ ಪೀಳಿಗೆಗೆ ಗಟ್ಟಿಯಾಗುತ್ತವೆ. ಕೈಯಿಂದ ಅಥವಾ ಸೋಫಾದಿಂದ ಜಿಗಿದು ಮುಂಗಾಲು ಮುರಿದುಕೊಳ್ಳುವ ಮರಿಯನ್ನು ಕಂಡು ಮನೆಯವರು ತಮ್ಮ ಅಜಾಗರೂಕತೆಗೆ ಮರುಗುವುದುಂಟು. ಬೆಂಕಿಕಡ್ಡಿಯಷ್ಟು ತೆಳ್ಳನೆಯ ಎಲುಬನ್ನು ಸೊಗಸೆಂದು ಆರಿಸಿ ಬೆಳೆಸಿದವರ ಪಾಲು ಆ ಲೆಕ್ಕದಲ್ಲಿ ಬರುವುದಿಲ್ಲ.

ತಾಯಿನಾಯಿಯ ಸ್ಥಿತಿ ಇನ್ನೂ ಕಠಿಣ. ಸುಮಾರು 63 ದಿನಗಳ ಗರ್ಭ ತುಂಬಿದ ಮೇಲೆ, ಕಿರಿದಾದ ಸೊಂಟದ ಮೂಲಕ ದುಂಡುತಲೆಯ ಮರಿ ಹೊರಬರಲಾರದೆ ಸಿಕ್ಕಿಕೊಳ್ಳುವುದು ಈ ತಳಿಗಳಲ್ಲಿ ಸಾಮಾನ್ಯ, ಮತ್ತು ಆಗ ಶಸ್ತ್ರಚಿಕಿತ್ಸೆಯ ಹೊರತು ದಾರಿಯಿಲ್ಲ. ಹೆತ್ತ ಮೊದಲ ಕೆಲವು ವಾರಗಳಲ್ಲಿ ಹಾಲಿನ ಮೂಲಕ ಸುಣ್ಣದಂಶ ಹರಿದುಹೋಗಿ ತಾಯಿಗೆ ನಡುಕ, ಏದುಸಿರು, ಜ್ವರ, ಸೆಳೆತ ಬರುವ ಎಕ್ಲಾಂಪ್ಸಿಯಾ ಕೂಡ ಸಣ್ಣ ನಾಯಿಗಳನ್ನೇ ಹೆಚ್ಚಾಗಿ ಕಾಡುತ್ತದೆ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಡದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಮರಿಗಳ ಬೆಲೆಯನ್ನಷ್ಟೇ ಕಂಡು ಪ್ರತಿ ಬೆದೆಗೂ ತಾಯಿಯನ್ನು ಕೂಡಿಸುವವರು ಅವಳ ಎಲುಬಿನ ಸುಣ್ಣವನ್ನೇ ಮಾರುತ್ತಿದ್ದಾರೆಂದರೆ ಅದು ಅತಿಶಯೋಕ್ತಿಯಲ್ಲ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಕೇಂದ್ರ ಸರ್ಕಾರವು 2017ರ ಮೇ 23ರಂದು ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳನ್ನು ಹೊರಡಿಸಿತು. ಮರಿ ಮಾಡಿಸಿ ಮಾರುವವರು, ಅಂದರೆ ದೊಡ್ಡ ಕೆನಲ್‌ಗಳಷ್ಟೇ ಅಲ್ಲದೆ ಮನೆಯಲ್ಲೇ ಆ ಕೆಲಸ ಮಾಡುವವರೂ ನಡುವಿನ ದಲ್ಲಾಳಿಗಳೂ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸಕೂಡದು. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಐದಕ್ಕಿಂತ ಹೆಚ್ಚು ಸೂಲು ಹಾಕುವಂತೆ ಮಾಡಕೂಡದು. ಅಂಗಡಿಗಳಿಗಾಗಿ 2018ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಮೂಲ ಕಾಯ್ದೆಯ 11ನೆಯ ಕಲಮಿನಡಿ ಮೊದಲ ತಪ್ಪಿಗೆ ವಿಧಿಸಬಹುದಾದ ದಂಡ ಇಂದಿಗೂ ಹತ್ತರಿಂದ ಐವತ್ತು ರೂಪಾಯಿ. ಒಂದು ಮರಿಯ ಬೆಲೆ ಸಾವಿರಗಳಲ್ಲಿರುವಾಗ ಆ ದಂಡಕ್ಕೆ ಯಾರೂ ಅಂಜುವುದಿಲ್ಲವಾದ್ದರಿಂದ, ತಪ್ಪಾದ ಮೇಲಿನ ಶಿಕ್ಷೆಗಿಂತ ಮೊದಲೇ ನಡೆಯುವ ನೋಂದಣಿ ಮತ್ತು ತಪಾಸಣೆಯೇ ಇಲ್ಲಿ ನಿಜವಾದ ರಕ್ಷಣೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ‘ಉಗ್ರ’ ತಳಿಗಳ ಕುರಿತು ಸುತ್ತೋಲೆ ಹೊರಡಿಸಿ, ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿದಾಗ ನಾಡಿನಲ್ಲೆಲ್ಲ ಚರ್ಚೆ ನಡೆಯಿತು. ಯಾರನ್ನೂ ಕಚ್ಚಿ ಸುದ್ದಿಯಾಗದ ನಾಯಿಗಳಿಗೆ ಅಂಥ ಗಮನ ಒಮ್ಮೆಯೂ ದೊರೆತಿಲ್ಲ.

ಆದಕಾರಣ, ಮೂರು ತಾಲೂಕುಗಳಲ್ಲಿ ಮರಿ ಮಾಡಿಸುವವರ, ಮಾರುವ ಅಂಗಡಿಗಳ ಹಾಗೂ ದಲ್ಲಾಳಿಗಳ ಪಟ್ಟಿಯನ್ನು ತಾಲೂಕು ಪಶು ಆಸ್ಪತ್ರೆ ಮತ್ತು ಸ್ಥಳೀಯ ಪುರಸಂಸ್ಥೆಗಳು ಜಂಟಿಯಾಗಿ ಸಿದ್ಧಪಡಿಸಿ, ನೋಂದಣಿಗೆ ನೆರವಾಗಿ, ಬಳಿಕವೂ ನೋಂದಾಯಿಸದವರ ಮಾರಾಟವನ್ನು ನಿಲ್ಲಿಸಬೇಕೆಂದು ಮನವಿದಾರರು ಒತ್ತಾಯಿಸುತ್ತಾರೆ. ಮನೆಯ ಒಂದು ನಾಯಿ ಒಮ್ಮೆ ಮರಿ ಹಾಕಿದ್ದಕ್ಕೆ ಯಾವ ಕುಟುಂಬವೂ ಕಿರುಕುಳಕ್ಕೆ ಒಳಗಾಗಬಾರದೆಂಬ ಎಚ್ಚರವೂ ಈ ಬೇಡಿಕೆಯ ಭಾಗವೇ ಆಗಿದೆ. ಮಾರಾಟವಾಗುವ ಪ್ರತಿ ಮರಿಯೊಂದಿಗೆ ವಯಸ್ಸು, ತೂಕ, ಹಾಕಿಸಿದ ಲಸಿಕೆ, ಜಂತುನಾಶಕ ಕೊಟ್ಟ ದಿನ, ತಾಯಿಯ ಎಷ್ಟನೆಯ ಸೂಲು ಎಂಬ ವಿವರಗಳಿರುವ, ಪಶುವೈದ್ಯರು ಸಹಿ ಮಾಡಿದ ಚೀಟಿ ಇರಬೇಕು. ಹುಕ್ಕೇರಿ ತಾಲೂಕಿನ ಸಂಕೇಶ್ವರವು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದ್ದು ಮಹಾರಾಷ್ಟ್ರದ ಗಡಿಗೆ ಸಮೀಪವಾಗಿರುವುದರಿಂದ, ಹೊರಗಿನಿಂದ ಬರುವ ಮರಿಗಳಿಗೂ ಇದೇ ಚೀಟಿ ಕಡ್ಡಾಯವಾಗದಿದ್ದರೆ ಒಳಗಿನ ನೋಂದಣಿ ವ್ಯರ್ಥವಾಗುತ್ತದೆ.

ಆಹಾರದ ವಿಷಯದಲ್ಲಿ ಮನವಿದಾರರ ಬೇಡಿಕೆ ಸರಳವಾದದ್ದು: ಆ ಚೀಟಿಯ ಹಿಂಬದಿಯಲ್ಲಿ, ಈ ಭಾಗದ ಅಡುಗೆಮನೆಯನ್ನು ಬಲ್ಲವರು ಬರೆದ ಕನ್ನಡದ ಸೂಚನೆಗಳು ಅಚ್ಚಾಗಬೇಕು. ಪೇಟೆಯ ಆಹಾರದ ಚೀಲದ ಮೇಲಿನ ಇಂಗ್ಲಿಷ್ ಸೂಚನೆಗಳಲ್ಲಿ ಉಳ್ಳಾಗಡ್ಡಿ ಹಾಕಿದ ಝುಣಕದ ಪ್ರಸ್ತಾಪವಿರುವುದಿಲ್ಲ. ಉಳ್ಳಾಗಡ್ಡಿ ಬಳ್ಳೊಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಮತ್ತು ಬೇಯಿಸಿದರೂ ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ದೇಹದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ರಕ್ತಹೀನತೆಗೆ ಕಾರಣವಾಗಬಲ್ಲದಾದ್ದರಿಂದ, ಮುಧೋಳ ನಾಯಿಗೆ ಏನೂ ಮಾಡದ ಒಂದು ಗಡ್ಡೆ ಎರಡು ಕಿಲೋ ನಾಯಿಗೆ ವಿಷವೇ ಸರಿ. ಝುಣಕ, ಬಳ್ಳೊಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಪಲ್ಯ ಸವರಿದ ರೊಟ್ಟಿಯ ತುಂಡುಗಳು ದಿನವೂ ಸ್ವಲ್ಪ ಸ್ವಲ್ಪ ಸೇರಿ ಮಾಡುವ ಹಾನಿ ತಡವಾಗಿ ಕಾಣುತ್ತದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡಗಳನ್ನು ಹಠಾತ್ತನೆ ಕೆಡಿಸುತ್ತವೆ ಮತ್ತು ಇಷ್ಟು ತಿಂದರೆ ಅಪಾಯವಿಲ್ಲವೆಂಬ ಅಳತೆ ಅವಕ್ಕೆ ಇಲ್ಲ. ಹೀಗಾಗಿ ಒಣದ್ರಾಕ್ಷಿ ಬೆರೆತ ಕರದಂಟನ್ನು ಗೋಕಾಕದ ಮನೆಗಳಲ್ಲಿ ಪ್ರೀತಿಯಿಂದ ಮುರಿದು ಕೊಡುವ ರೂಢಿಯ ಬಗ್ಗೆ ನೇರವಾಗಿ ಹೇಳಲೇಬೇಕು. ಹಾಲಿನ ಚಾಕೊಲೇಟಿನ ಪ್ರತಿ ಗ್ರಾಮಿನಲ್ಲಿ ಸುಮಾರು 2 ಮಿಲಿಗ್ರಾಂ ಥಿಯೊಬ್ರೊಮಿನ್ ಇದ್ದು, ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಆದಾಗ ವಿಷಲಕ್ಷಣ ತೊಡಗುವುದರಿಂದ, ಎರಡು ಕಿಲೋ ನಾಯಿಗೆ 20 ಗ್ರಾಮಿನ ಬಿಲ್ಲೆ ಸಾಕಾಗುತ್ತದೆ. ಸಕ್ಕರೆರಹಿತ ಮಿಠಾಯಿಗಳಲ್ಲಿನ ಜೈಲಿಟಾಲ್, ಬೇಯಿಸಿದ ಕೋಳಿಯ ಎಲುಬು ಕೂಡ ಸೂಚನೆಯಲ್ಲಿ ಬರಬೇಕು. ಜೊತೆಗೆ, ಕೆಮ್ಮುವ ಸಣ್ಣ ನಾಯಿಗೆ ಕೊರಳಪಟ್ಟಿಯ ಬದಲು ಎದೆಪಟ್ಟಿ ತೊಡಿಸಬೇಕೆಂಬ ಮಾತೂ ಇರಲಿ.

ಔಷಧದ ಅಪಾಯ ಆಹಾರದ್ದಕ್ಕಿಂತ ಹೆಚ್ಚಿನದು, ಏಕೆಂದರೆ ಅದು ಕಾಳಜಿಯ ರೂಪದಲ್ಲಿಯೇ ಬರುತ್ತದೆ. ಕಬ್ಬು, ಹೈನುಗಳನ್ನು ನಂಬಿರುವ ಈ ಸೀಮೆಯ ಕೊಟ್ಟಿಗೆಗಳಲ್ಲಿ ದನದ ಉಣ್ಣೆಗೆ ಹಚ್ಚುವ ಅಮಿಟ್ರಾಜ್, ಡೆಲ್ಟಾಮೆಥ್ರಿನ್ ಬಾಟಲಿಗಳು ಇದ್ದೇ ಇರುತ್ತವೆ, ಅದೇ ದ್ರಾವಣವನ್ನು ಅಂದಾಜಿನಿಂದ ನಾಯಿಗೂ ಹಚ್ಚಲಾಗುತ್ತದೆ. ಅಮಿಟ್ರಾಜ್ ಅನ್ನು ಚಿಹುವಾಹುವಾ ನಾಯಿಗಳಿಗೆ ಬಳಸಲೇಬಾರದು. ಜಾನುವಾರುಗಳ ಐವರ್ಮೆಕ್ಟಿನ್ ಚುಚ್ಚುಮದ್ದಿನ ಒಂದು ಮಿಲಿಲೀಟರು 50 ಕಿಲೋ ದೇಹತೂಕಕ್ಕೆ ಅಳೆದದ್ದು. ಅದೇ ಲೆಕ್ಕದಲ್ಲಿ ಎರಡು ಕಿಲೋಗೆ ಬರುವುದು 0.04 ಮಿಲಿಲೀಟರು, ಅಂದರೆ ಸಾಮಾನ್ಯ ಸಿರಿಂಜಿನಲ್ಲಿ ಅಳೆಯಲಾಗದಷ್ಟು. ಜ್ವರಕ್ಕೆಂದು ಮನೆಯಲ್ಲಿರುವ 500 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ಗುಳಿಗೆಯೊಂದನ್ನು ಎರಡು ಕಿಲೋ ನಾಯಿಗೆ ಕೊಟ್ಟರೆ ಯಕೃತ್ತಿಗೆ ವಿಷವಾಗುವ ಪ್ರಮಾಣದ ಎರಡು ಪಟ್ಟನ್ನೂ ಅದು ಮೀರುತ್ತದೆ. ಆದ್ದರಿಂದ ಪಶು ಔಷಧ ಮಾರುವ ಅಂಗಡಿಗಳಲ್ಲಿ, ಕೃಷಿ ಪರಿಕರಗಳ ಮಳಿಗೆಗಳಲ್ಲಿ, ಹಾಲಿನ ಡೇರಿಗಳಲ್ಲಿ ‘ದನದ ಔಷಧ ನಾಯಿಗೆ ಬೇಡ’ ಎಂಬ ಎಚ್ಚರಿಕೆಯ ಫಲಕವನ್ನು ಇಲಾಖೆಯೇ ಹಾಕಿಸಬೇಕು. ಇಲಿಪಾಷಾಣ ಇಟ್ಟ ಕಬ್ಬಿನ ಗದ್ದೆಗಳ ವಿಷಯವೂ ಅದರಲ್ಲಿ ಸೇರಬೇಕು.

ಮೂರೂ ತಾಲೂಕು ಪಶು ಆಸ್ಪತ್ರೆಗಳು ಎಮ್ಮೆ ಆಕಳುಗಳ ಸೇವೆಗೆ ಕಟ್ಟಿದವು, ಅದು ಸರಿಯಾದದ್ದೂ ಹೌದು. ಅಲ್ಲಿನ ವೈದ್ಯರ ಮೇಲಿನ ಭಾರವನ್ನು ಮನವಿದಾರರು ಬಲ್ಲರು. ಕೋರುತ್ತಿರುವುದು ದೊಡ್ಡ ಯಂತ್ರಗಳನ್ನಲ್ಲ. ಅಂಗನವಾಡಿಯಲ್ಲಿ ಹಸುಗೂಸು ತೂಗಲು ಬಳಸುವಂಥ ಗ್ರಾಂ ತೋರಿಸುವ ತಕ್ಕಡಿ, ರಕ್ತದ ಸಕ್ಕರೆ ನೋಡುವ ಗ್ಲೂಕೋಮೀಟರ್, ಇನ್ಸುಲಿನ್ ಸಿರಿಂಜು, ಮಕ್ಕಳಿಗೆ ಬಳಸುವ ಸಣ್ಣ ಕ್ಯಾನುಲಾ, ಡೆಕ್ಸ್‌ಟ್ರೋಸ್ ಮತ್ತು ಕ್ಯಾಲ್ಸಿಯಂ ಗ್ಲುಕೋನೇಟ್: ಇವಿಷ್ಟು ಪ್ರತಿ ತಾಲೂಕಿನಲ್ಲೂ ಸದಾ ಲಭ್ಯವಿರಬೇಕು. ಮರಿ ಸಿಕ್ಕಿಕೊಂಡ ತಾಯಿನಾಯಿಗೆ ರಾತ್ರಿ ಹೊತ್ತಿನಲ್ಲಿ ಶಸ್ತ್ರಚಿಕಿತ್ಸೆ ಮಾಡಬಲ್ಲ ಒಂದು ಕೇಂದ್ರವನ್ನಾದರೂ ಮೂರು ತಾಲೂಕುಗಳಿಗೆ ಸೇರಿ ಗೊತ್ತುಪಡಿಸಿ, 1962 ಸಂಖ್ಯೆಗೆ ಕರೆ ಮಾಡಿದವರಿಗೆ ಆ ಕೇಂದ್ರದ ದಾರಿ ತಿಳಿಸುವ ವ್ಯವಸ್ಥೆ ಆಗಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಲಸಿಕಾ ಶಿಬಿರಗಳಿಗೆ ಮನೆಯೊಳಗಿನ ಸಣ್ಣ ನಾಯಿಗಳನ್ನೂ ಕರೆತರುವಂತೆ ಪ್ರಚಾರ ನಡೆಯಲಿ, ಏಕೆಂದರೆ ಹೊರಗೆ ಹೋಗದ ನಾಯಿಗೆ ಲಸಿಕೆ ಬೇಡವೆಂಬ ತಪ್ಪು ತಿಳಿವಳಿಕೆ ಬೇರೂರಿದೆ.

ತಿಮ್ಮಾಪುರದ ಕೇಂದ್ರದ ತಜ್ಞರಿಂದ ನೋಂದಾಯಿತ ಸಾಕಣೆದಾರರಿಗೆ ವಂಶಾವಳಿ ದಾಖಲೆ ಇಡುವ, ದೋಷವಿರುವ ನಾಯಿಯನ್ನು ಸಂತಾನಕ್ಕೆ ಬಳಸದಿರುವ, ಎರಡು ಸೂಲುಗಳ ನಡುವೆ ತಾಯಿಗೆ ಬಿಡುವು ಕೊಡುವ ಕುರಿತು ವರ್ಷಕ್ಕೊಮ್ಮೆಯಾದರೂ ತರಬೇತಿ ಏರ್ಪಡಿಸುವಂತೆ ವಿಶ್ವವಿದ್ಯಾಲಯಕ್ಕೆ ಜಿಲ್ಲಾಡಳಿತವು ಪತ್ರ ಬರೆಯಬೇಕೆಂದು ಕೋರಲಾಗಿದೆ. ಈ ಮನವಿಯನ್ನು ಜಿಲ್ಲಾ ಪ್ರಾಣಿ ದಯಾ ಸಂಘದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಮೂರು ತಾಲೂಕುಗಳ ಪಶುವೈದ್ಯಾಧಿಕಾರಿಗಳು, ಪುರಸಂಸ್ಥೆಗಳ ಮುಖ್ಯಾಧಿಕಾರಿಗಳು ಹಾಗೂ ಸಾಕಣೆದಾರರ ಪ್ರತಿನಿಧಿಗಳನ್ನು ಅಲ್ಲಿಗೆ ಕರೆದು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸಲಾಗಿದೆ.

ತಮ್ಮ ವಿಶ್ವಾಸಿಗಳು,
ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ನಾಯಿ ಸಾಕಣೆದಾರ ಕುಟುಂಬಗಳು